ವಕೀಲರಿಲ್ಲದೆ ಗ್ರಾಹಕ ಆಯೋಗಕ್ಕೆ ದೂರು: ಈ ಕರಡಿನಲ್ಲಿ ತಪ್ಪು ಹುಡುಕಿ

ರಸೀದಿಪುಟ್ಟ · ಬೆಳಿಗ್ಗೆ 9:14

ಬಡಾವಣೆ ವಾಚನಾಲಯದ ಬಾಗಿಲಿಗೆ ಅಂಟಿಸೋಕೆ ಒಂದು ಪುಟದ ಚೀಟಿ ತಯಾರಾಗ್ತಿದೆ. ಕೊಂಡ ವಸ್ತು ಕೆಟ್ಟು, ಕಂಪನಿ ಕೈ ಎತ್ತಿದರೆ, ವಕೀಲರನ್ನು ಇಟ್ಕೊಳ್ಳದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋದು ಹೇಗೆ ಅಂತ. ಪ್ರತಿ ಡಿಸೆಂಬರ್ 24ಕ್ಕೆ ಎದ್ದೇಳಿ ಗ್ರಾಹಕರೇ ಅಂತ ಜಾಹೀರಾತು ಬರುತ್ತೆ. ಎದ್ದ ಮೇಲೆ ಯಾವ ಕೌಂಟರಿಗೆ ಹೋಗ್ಬೇಕು ಅಂತ ಮಾತ್ರ ಅದರಲ್ಲಿ ಇರಲ್ಲ.

ಕರಡು ಇಷ್ಟು: ಮೊದಲು 1915ಕ್ಕೆ (ರಾಷ್ಟ್ರೀಯ ಗ್ರಾಹಕ ಸಹಾಯವಾಣಿ) ಫೋನ್ ಮಾಡಲೇಬೇಕು, ಅಲ್ಲಿ ಆಗದಿದ್ದರೆ ಮಾತ್ರ ಆಯೋಗ. ಲೀಗಲ್ ನೋಟಿಸ್ ಕಡ್ಡಾಯ. ಅಂಗಡಿ ಇರುವ ಜಿಲ್ಲೆಯಲ್ಲೇ ದೂರು ಕೊಡಬೇಕು. ಜಿಲ್ಲಾ ಆಯೋಗದ ಮಿತಿ ಒಂದು ಕೋಟಿ. 5 ಲಕ್ಷದವರೆಗೆ ಶುಲ್ಕ ಇಲ್ಲ. ಮೂರು ತಿಂಗಳಲ್ಲಿ ತೀರ್ಪು.

ಉದಾಹರಣೆಗೆ ಇಟ್ಕೊಂಡಿರೋದು 38,000 ರೂಪಾಯಿಯ ವಾಷಿಂಗ್ ಮಷಿನ್. ವಾರಂಟಿ ಒಳಗೆ ಮೂರು ಸಲ ರಿಪೇರಿ, ನಾಲ್ಕನೇ ಸಲ ‘ಬಳಸಿದವರ ತಪ್ಪು’ ಅಂತ ಷರಾ. ತಪ್ಪಿದ್ರೆ ಮುಲಾಜಿಲ್ಲದೆ ಹೇಳಿ.

ಹಳೇಕಡತ · 9:31

ಮುಲಾಜಿಲ್ಲದೆ: ಆರರಲ್ಲಿ ನಾಲ್ಕು ತಪ್ಪು, ಒಂದು ಅರ್ಧಸತ್ಯ, ಒಂದು ಸರಿ.

ನಿಮ್ಮ ಚೀಟಿ 1986ರ ಕಾಯ್ದೆ ಮತ್ತು 2019ರ ಕಾಯ್ದೆಯ ಚಿತ್ರಾನ್ನ. ಈಗ ನಡೀತಿರೋದು 2019ರದ್ದು, 2020ರ ಜುಲೈ 20ರಿಂದ ಜಾರಿ. ದೂರುದಾರ ವಾಸ ಇರುವ ಜಾಗದಲ್ಲಿ, ಇಲ್ಲವೇ ಸ್ವತಃ ದುಡಿಯುವ ಜಾಗದಲ್ಲಿ ದೂರು ಕೊಡಬಹುದು. ಬೆಂಗಳೂರಲ್ಲಿ ಕೊಂಡ ಮಷಿನ್ ಹಾಸನದ ಮನೇಲಿ ಕೆಟ್ಟರೆ ಹಾಸನದಲ್ಲೇ ಕೊಡಿ. ಹಳೇ ಕಾಯ್ದೆಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸವೇ ಇದು, ನೀವು ಅದನ್ನೇ ಉಲ್ಟಾ ಬರೆದಿದ್ದೀರಿ.

ಒಂದು ಕೋಟಿ ಅನ್ನೋದು ಕಾಯ್ದೆಯಲ್ಲಿ ಮೊದಲು ಇದ್ದ ಮಿತಿ. 2021ರ ಡಿಸೆಂಬರ್ ಕೊನೆಗೆ ಬಂದ ನಿಯಮದ ಪ್ರಕಾರ ಜಿಲ್ಲೆಗೆ 50 ಲಕ್ಷದವರೆಗೆ, ರಾಜ್ಯಕ್ಕೆ 50 ಲಕ್ಷದಿಂದ 2 ಕೋಟಿ, ಅದರ ಮೇಲಿನದು ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ. ಇಲ್ಲಿ ಲೆಕ್ಕಕ್ಕೆ ಬರೋದು ನೀವು ಕೊಟ್ಟ ಬೆಲೆ, ಕೇಳುವ ಪರಿಹಾರ ಅಲ್ಲ. ಶುಲ್ಕವೂ ಹಾಗೇ. 38,000ದ ಮಷಿನ್‌ಗೆ 6 ಲಕ್ಷ ಪರಿಹಾರ ಕೇಳಿದರೂ ಶುಲ್ಕ ಸೊನ್ನೆ. ಈ ಲೆಕ್ಕ ಸರಿಯಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದವರಿದ್ದರು, 2025ರ ಏಪ್ರಿಲ್‌ನಲ್ಲಿ ಕೋರ್ಟು ಇದನ್ನೇ ಎತ್ತಿಹಿಡಿಯಿತು.

5 ಲಕ್ಷ ದಾಟಿದರೆ 10ರವರೆಗೆ 200 ರೂ., 20ರವರೆಗೆ 400, 50ರವರೆಗೆ 1,000. ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸಿದ ಖರ್ಚೂ ಇದಕ್ಕಿಂತ ಜಾಸ್ತಿ ಆಗುತ್ತೆ.

ರಸೀದಿಪುಟ್ಟ · 9:38

ಮೂರು ತಿಂಗಳು ಅರ್ಧಸತ್ಯ ಹೇಗೆ?

ಹಳೇಕಡತ · 9:44

ಕಾಯ್ದೆಯಲ್ಲಿದೆ: ಪ್ರಯೋಗಾಲಯ ಪರೀಕ್ಷೆ ಬೇಡದಿದ್ದರೆ ಮೂರು ತಿಂಗಳು, ಬೇಕಿದ್ದರೆ ಐದು. ಆದರೆ ‘ಸಾಧ್ಯವಾದಷ್ಟು ಮಟ್ಟಿಗೆ’ ಅನ್ನೋ ಬಾಲವೂ ಇದೆ. ಎದುರು ಪಾರ್ಟಿಗೆ ನೋಟಿಸ್ ತಲುಪಿದ ದಿನದಿಂದ 30 ದಿನ, ಕೇಳಿಕೊಂಡರೆ ಮತ್ತೆ 15. ಆ 45ರ ಮೇಲೆ ಒಂದು ದಿನವೂ ಕೊಡೋ ಅಧಿಕಾರ ಆಯೋಗಕ್ಕಿಲ್ಲ ಅಂತ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಅದಾದ ಮೇಲೆ ಪ್ರಮಾಣಪತ್ರ (ಅಫಿಡವಿಟ್), ವಾದ, ಮತ್ತೆ ‘ಸದಸ್ಯರು ಲಭ್ಯವಿಲ್ಲ’. ಸದಸ್ಯರ ಹುದ್ದೆ ಖಾಲಿ ಬಿದ್ದರೆ ಪೀಠವೇ ಕೂರಲ್ಲ. ಚೀಟಿಯಲ್ಲಿ ‘ಮೂರು ತಿಂಗಳು’ ಅಂತ ಹಾಕಿದ್ರೆ ಜನ ನಿಮ್ಮ ಮನೆ ಹುಡುಕ್ಕೊಂಡು ಬರ್ತಾರೆ.

ಅನುಮಾನಪ್ಪ · 9:52

ಗೆದ್ದವ ಸೋತ, ಸೋತವ ಸತ್ತ. 38 ಸಾವಿರಕ್ಕೆ ಎರಡು ವರ್ಷ ಅಲೆಯೋ ಬದಲು ಹೊಸ ಮಷಿನ್ ತಗೊಳ್ಳೋದು ವಾಸಿ.

ಕೌಂಟರ್‌ಕಿಟಕಿ · 10:05

@ಅನುಮಾನಪ್ಪ ಅಲೆದಾಟ ಕಮ್ಮಿ ಆಗಿದೆ. ಇ-ದಾಖಿಲ್ 2020ರ ಸೆಪ್ಟೆಂಬರ್‌ನಲ್ಲಿ ಬಂತು, 2025ರ ಜನವರಿ 1ರಿಂದ ಇ-ಜಾಗೃತಿ. ದೂರು ಹಾಕೋದು, ಶುಲ್ಕ ಕಟ್ಟೋದು, ಮುಂದಿನ ತಾರೀಖು ನೋಡೋದು ಎಲ್ಲ ಅಲ್ಲೇ. ವಿಡಿಯೋ ಮೂಲಕ ವಿಚಾರಣೆಗೆ ಅರ್ಜಿ ಹಾಕೋ ಅವಕಾಶ ಕಾಯ್ದೆಯಲ್ಲೇ ಇದೆ.

ದೂರು ತಡ ಆಗೋಕೆ ಅರ್ಧ ಕಾರಣ ಆಯೋಗ, ಇನ್ನರ್ಧ ನಾವು ಕೊಡೋ ಕಾಗದ. ಪರಿಶೀಲನೆಯಲ್ಲಿ ವಾಪಸ್ ಬರೋ ಫೈಲುಗಳ ಆಕ್ಷೇಪಣೆ ಹೆಚ್ಚೂ ಕಮ್ಮಿ ಒಂದೇ: ಎದುರು ಪಾರ್ಟಿಯ ಪೂರ್ತಿ ವಿಳಾಸ ಇಲ್ಲ, ಪಿನ್‌ಕೋಡ್ ಇಲ್ಲ. ಪುಟಸಂಖ್ಯೆ ಇಲ್ಲ. ಪ್ರಮಾಣಪತ್ರಕ್ಕೆ ನೋಟರಿ ಸೀಲ್ ಇಲ್ಲ. ಬಿಲ್ಲಿನ ನಕಲು ಓದಕ್ಕಾಗಲ್ಲ. ‘ವ್ಯಾಜ್ಯಕಾರಣ ಹುಟ್ಟಿದ ದಿನ’ (ಅಂದರೆ ತಕರಾರು ಶುರುವಾದ ದಿನ) ಅನ್ನೋ ಪ್ಯಾರಾನೇ ಇಲ್ಲ.

ಕಟ್ಟೋ ಕ್ರಮ: ಮೇಲೆ ಅನುಕ್ರಮಣಿಕೆ, ಆಮೇಲೆ ದಿನಾಂಕಗಳ ಪಟ್ಟಿ ಒಂದು ಪುಟ, ಪಾರ್ಟಿಗಳ ವಿಳಾಸ, ದೂರು, ಪ್ರಮಾಣಪತ್ರ, ದಾಖಲೆಗಳು (ಪ್ರತಿಯೊಂದರ ಮೇಲೂ ‘ಮೂಲದ ನಿಜಪ್ರತಿ’ ಅಂತ ಬರೆದು ಸಹಿ), ಗುರುತಿನ ಚೀಟಿ ನಕಲು. ಕಾಗದದಲ್ಲಿ ಕೊಡೋದಾದರೆ ಆಯೋಗಕ್ಕೆ ಮೂರು ಸೆಟ್, ಎದುರು ಪಾರ್ಟಿ ಎಷ್ಟು ಜನವೋ ಅಷ್ಟು ಹೆಚ್ಚುವರಿ ಸೆಟ್, ಕೈಯಲ್ಲಿ ಒಂದು. ದಿನಾಂಕಗಳ ಪಟ್ಟಿಯನ್ನು ಹಗುರ ಮಾಡ್ಬೇಡಿ, ಪೀಠ ಮೊದಲು ಕಣ್ಣಾಡಿಸೋದು ಅದರ ಮೇಲೆ.

ಸಿರಿಗನ್ನಡ್ತಿ · 10:09

ಕನ್ನಡದಲ್ಲಿ ಕೊಡಬಹುದಾ?

ಕೌಂಟರ್‌ಕಿಟಕಿ · 10:11

ಧಾರಾಳವಾಗಿ. ಜಿಲ್ಲೆಯಲ್ಲಿ ಕನ್ನಡ ದೂರು ನಡೆಯುತ್ತೆ. ಮೇಲೆ ರಾಷ್ಟ್ರೀಯ ಆಯೋಗದ ತನಕ ಹೋದರೆ ಆಗ ಇಂಗ್ಲಿಷ್ ಅನುವಾದದ ಖರ್ಚು ಬೀಳುತ್ತೆ. ಕೆಟ್ಟ ಇಂಗ್ಲಿಷಿನ ಎಂಟು ಪುಟಕ್ಕಿಂತ ನೆಟ್ಟಗಿನ ಕನ್ನಡದ ಮೂರು ಪುಟ ಮೇಲು.

ಪೇಡಾಪ್ರಿಯ · 10:20

ಅಲ್ರೀ, ಎಲ್ಲಾರೂ ಫೈಲ್ ಕಟ್ಟೋದು ಹೇಳಾಕತ್ತೀರಿ. ಕೇಸು ಕೆಡೋದು ಅದಕ್ಕೂ ಮೊದಲ, ಸರ್ವಿಸ್ ಸೆಂಟರ್‌ನ್ಯಾಗ.

ಮಷಿನ್ ಬಿಚ್ಚಿ ನೋಡಾಕ ಬಂದವ ಜಾಬ್ ಶೀಟ್ ಕೊಡಬೇಕು. ಕೊಡದ ಹೋದ್ರ ಕೇಳಿ ಇಸ್ಕೋರಿ. ಅದ್ರಾಗ ಮೂರು ಇರಬೇಕು: ಗ್ರಾಹಕ ಹೇಳಿದ ತೊಂದರೆ ಏನು, ಅವ ನೋಡಿದ್ದೇನು, ಏನು ಮಾಡಿದ. ‘ಚೆಕ್ ಮಾಡಿದೆ, ಸರಿ ಐತಿ’ ಅಂತ ಬರದು ಸಹಿ ತಗೋತಾರಲ್ಲ, ಅಲ್ಲೇ ಮುಗೀತು ಕಥಿ. ಸಹಿ ಮಾಡೂ ಮೊದಲ ಅದರ ಕೆಳಗ ನೀವ ಬರೀರಿ: ‘ನೀರು ಹೊರಗ ಹೋಗವಲ್ದು, ಈಗಲೂ ಹಂಗ ಐತಿ’, ತಾರೀಖು, ವ್ಯಾಳ್ಯಾ. ಕಾಗದ ಇಲ್ಲ, ಬರೇ ಓಟಿಪಿ ಅಂದ್ರ ಇನ್ನೂ ಹುಷಾರ್. ಬಹಳ ಕಡೆ ಓಟಿಪಿ ಹೇಳಿದ್ರ ‘ರಿಪೇರಿ ಆತು, ಗ್ರಾಹಕ ತೃಪ್ತ’ ಅಂತ ದೂರು ಮುಚ್ಚತೈತಿ. ಕೆಲಸ ಆಗೂತನಕ ಓಟಿಪಿ ಹೇಳಬ್ಯಾಡ್ರಿ.

ಆಮೇಲೆ ಬದಲಾಯಿಸಿದ ಪಾರ್ಟಿನ ನಂಬರ್. ಮದರ್‌ಬೋರ್ಡ್ ಎರಡು ಸಲ ಬದಲಾಗೈತಿ ಅಂತ ಅವರ ಕಾಗದದಾಗ ಇದ್ರ, ‘ಬಳಸಿದವರ ತಪ್ಪು’ ಅನ್ನೂ ವಾದ ಅರ್ಧ ಬಿತ್ತು.

ಹಳೇಕಡತ · 10:27

ಇದು ಚೀಟಿಯ ಮೊದಲ ಸಾಲಾಗ್ಬೇಕು.

ಇನ್ನೊಂದು, ಯಾರನ್ನು ಪಾರ್ಟಿ ಮಾಡೋದು. ಅಂಗಡಿ, ತಯಾರಕ ಕಂಪನಿ, ಸರ್ವಿಸ್ ಸೆಂಟರ್, ಮೂವರೂ ಇರಲಿ. ಹೆಚ್ಚುವರಿ ವಾರಂಟಿ ಕೊಂಡಿದ್ದರೆ ಅದರ ಕಾಗದ ತೆಗೆದು ನೋಡಿ, ಬಹಳ ಸಲ ಅದು ನಾಲ್ಕನೇ ಕಂಪನಿ. ಅವರನ್ನು ಬಿಟ್ಟರೆ ಉಳಿದ ಮೂವರೂ ಅವರ ಕಡೆ ಕೈ ತೋರಿಸ್ತಾರೆ.

ಲೆಕ್ಕಿಗ · 10:40

ಜಿಎಸ್‌ಟಿ ವಿಷಯ ಯಾರೂ ಹೇಳಿಲ್ಲ. ತೆರಿಗೆ ವಾಪಸ್ ಸಿಗುತ್ತೆ ಅನ್ನೋ ಆಸೆಗೆ ಮನೆ ಫ್ರಿಜ್ಜಿನ ಬಿಲ್ಲಿಗೆ ತಮ್ಮದೇ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸ್ತಾರೆ. ಎದುರು ವಕೀಲರ ಮೊದಲ ಆಕ್ಷೇಪಣೆಯೇ ಅದಾಗುತ್ತೆ: ಇದು ವ್ಯಾಪಾರ ಉದ್ದೇಶದ ಖರೀದಿ, ಇವರು ‘ಗ್ರಾಹಕ’ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡಿದ್ದರೆ (ಒಂದೇ ಹೊಲಿಗೆ ಮಷಿನ್, ಒಂದೇ ಆಟೋ) ಕಾಯ್ದೆ ರಕ್ಷಣೆ ಕೊಡುತ್ತೆ, ಆದರೆ ಅದನ್ನು ದೂರಿನಲ್ಲೇ ಬರೀಬೇಕು. ‘ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ’ ಅನ್ನೋ ಮಾತು ಇರಲಿ.

ಬಿಲ್ ಬೇರೆಯವರ ಹೆಸರಲ್ಲಿದ್ದರೆ ಹೆದರ್ಬೇಡಿ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಮದುವೆ ಉಡುಗೊರೆ ಮಿಕ್ಸಿಗೂ ದೂರು ಕೊಡಬಹುದು.

ತಕ್ಕಡಿ · 10:48

ಅಂಗಡಿ ಬಿಲ್ಲೆಲ್ಲ ಶಾಖಕ್ಕೆ ಅಚ್ಚಾಗೋ ಕಾಗದ. ಒಂದು ಬೇಸಿಗೆ ಕಳೆದ್ರೆ ಬಿಳಿ ಹಾಳೆ. ಕೊಂಡ ದಿನವೇ ಜೆರಾಕ್ಸ್ ಮಾಡಿ, ಫೋಟೋ ತೆಗೆದು ಮೇಲ್‌ಗೆ ಹಾಕ್ಕೊಳ್ಳಿ.

ಅನುಮಾನಪ್ಪ · 10:55

1915ಕ್ಕೆ ಫೋನ್ ಮಾಡಿದ್ರೆ ಇಷ್ಟೆಲ್ಲ ರಾಮಾಯಣ ಯಾಕೆ? ಸರ್ಕಾರದ ಸಹಾಯವಾಣಿ ತಾನೇ?

ಹಳೇಕಡತ · 11:02

ಮೊದಲು ಅಲ್ಲಿಗೆ ಹೋಗ್ಲೇಬೇಕು ಅಂತಿಲ್ಲ, ಸಹಾಯವಾಣಿಗೆ ಆದೇಶ ಮಾಡೋ ಅಧಿಕಾರವೂ ಇಲ್ಲ. ದೂರನ್ನು ಕಂಪನಿಗೆ ರವಾನಿಸಿ, ಉತ್ತರ ತರಿಸೋದು ಅದರ ಕೆಲಸ. ಒಪ್ಪಂದ ಮಾಡಿಕೊಂಡ ದೊಡ್ಡ ಕಂಪನಿಗಳ ವಿಷಯದಲ್ಲಿ ಬೇಗ ಆಗುತ್ತೆ, ಹಣ ವಾಪಸ್ ಥರದ ಸಣ್ಣ ತಕರಾರಿಗೆ ಒಳ್ಳೇ ದಾರಿ. ಕನ್ನಡದಲ್ಲೂ ಮಾತಾಡ್ತಾರೆ, ವಾಟ್ಸಾಪ್ ಕೂಡ ಇದೆ. ಡಾಕೆಟ್ ನಂಬರ್ (ದೂರಿಗೆ ಅವರು ಕೊಡೋ ಸಂಖ್ಯೆ) ಬರೆದಿಟ್ಟುಕೊಳ್ಳಿ, ನಾಳೆ ಆಯೋಗದ ಮುಂದೆ ‘ಪ್ರಯತ್ನ ಮಾಡಿದ್ದೆವು’ ಅನ್ನೋಕೆ ಅದೇ ಸಾಕ್ಷಿ.

ಆದರೆ ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಆಯೋಗಕ್ಕೆ ದೂರು ಕೊಡೋಕೆ ಇರೋ ಎರಡು ವರ್ಷದ ಕಾಲಮಿತಿ ಅದಕ್ಕಾಗಿ ನಿಲ್ಲಲ್ಲ. ಕಂಪನಿಗೆ ಬರೆದ ಇಪ್ಪತ್ತು ಮೇಲ್‌ಗಳಿಂದಲೂ ನಿಲ್ಲಲ್ಲ. ಜನ ಮಾಡೋ ದೊಡ್ಡ ತಪ್ಪು ಇದೇ. ‘ಪರಿಶೀಲನೆಯಲ್ಲಿದೆ’ ಅನ್ನೋ ಉತ್ತರ ನಂಬ್ಕೊಂಡು ಕೂತು 25ನೇ ತಿಂಗಳಲ್ಲಿ ಬರ್ತಾರೆ. ಆಗ ವಿಳಂಬ ಮನ್ನಿಸಿ ಅಂತ ಬೇರೆ ಅರ್ಜಿ, ಕಾರಣ, ಪ್ರಮಾಣಪತ್ರ. ಸಿಕ್ಕರೆ ಪುಣ್ಯ.

ಕೌಂಟರ್‌ಕಿಟಕಿ · 11:08

ಕರಡಿನಲ್ಲಿ ನೋಟಿಸ್ ‘ಕಡ್ಡಾಯ’ ಅಂತಿದೆಯಲ್ಲ, ಕಾಯ್ದೆಯಲ್ಲಿ ಹಾಗಿಲ್ಲ. ಆದರೂ ಕಳಿಸಿ. ಒಂದೂವರೆ ಪುಟ ಸಾಕು: ಏನು ಕೊಂಡಿದ್ದು, ಯಾವಾಗ ಕೆಟ್ಟಿದ್ದು, ಏನು ಬೇಕು, 15 ದಿನ ಗಡುವು. ವಕೀಲರ ಲೆಟರ್‌ಹೆಡ್ ಬೇಡ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲೇ ತಲುಪಿದ ಪುರಾವೆ ಸಮೇತ ಕಳಿಸಿ. ಟ್ರ್ಯಾಕಿಂಗ್ ಪುಟವನ್ನು ಆ ವಾರವೇ ಪ್ರಿಂಟ್ ತೆಗೀರಿ, ಸ್ವಲ್ಪ ತಿಂಗಳಾದ ಮೇಲೆ ಅದು ಸಿಗಲ್ಲ.

ಕಡಲತಡಿ · 11:20

ಆನ್‌ಲೈನ್ ಖರೀದಿ ಬಗ್ಗೆ ಒಂದು ಮಾತು ಮಾರ್ರೆ. ಪೆಟ್ಟಿಗೆ ಬಿಡಿಸುವ ವಿಡಿಯೋ ಇಲ್ಲದಿದ್ದರೆ ಹಣ ಇಲ್ಲ ಅಂತಾರಲ್ಲ, ಅದು ಕಂಪನಿಯ ನಿಯಮ, ದೇಶದ ಕಾನೂನಲ್ಲ. ಇ-ಕಾಮರ್ಸ್ ನಿಯಮ 2020ರದ್ದು. ಅದರಲ್ಲಿರುವುದು: ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಎರಡೂ ಕಾಣಬೇಕು, 48 ಗಂಟೆಯೊಳಗೆ ದೂರು ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಗ್ರಾಹಕನ ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿಡುವ ಹಾಗಿಲ್ಲ. 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ 13 ಮೋಸದ ವಿನ್ಯಾಸಗಳ ಪಟ್ಟಿಯೇ ಉಂಟು. ಬುಟ್ಟಿಗೆ ಹೇಳದೆ ಕೇಳದೆ ಒಂದು ರೂಪಾಯಿ ದಾನ ಸೇರಿಸುವುದು, ‘ಇನ್ನು ಎರಡೇ ಉಳಿದಿದೆ’ ಅಂತ ಸುಳ್ಳೇ ಅವಸರ ಮಾಡುವುದು, ಬೆಲೆಯನ್ನು ಕಂತಿನಲ್ಲಿ ತೋರಿಸಿ ಕೊನೆ ಪುಟದಲ್ಲಿ ಏರಿಸುವುದು.

ಆದರೂ ವಿಡಿಯೋ ಮಾಡಿ. ಪಾರ್ಸೆಲಿನ ಮೇಲಿನ ವಿಳಾಸದ ಚೀಟಿಯಿಂದ ಶುರು, ಟೇಪ್ ನಾಲ್ಕೂ ಬದಿ ತೋರಿಸಿ, ಕತ್ತರಿಸದೆ ಒಂದೇ ಓಟದಲ್ಲಿ. ಬಿಲ್ಲಿನಲ್ಲಿ ‘ಮಾರಾಟಗಾರ’ ಅಂತ ಯಾರ ಹೆಸರಿದೆಯೋ ಅವರನ್ನೂ ಪಾರ್ಟಿ ಮಾಡಿ, ವೆಬ್‌ಸೈಟನ್ನು ಮಾತ್ರ ಅಲ್ಲ.

ಲೆಕ್ಕಿಗ · 11:26

ಸ್ಕ್ರೀನ್‌ಶಾಟ್, ವಿಡಿಯೋ ಕೊಡೋರು ಗಮನಿಸಿ: ಫೋನ್, ಕಂಪ್ಯೂಟರಿನ ದಾಖಲೆ ಜೊತೆ ಕೊಡೋ ಹಳೇ 65ಬಿ ಸರ್ಟಿಫಿಕೇಟ್ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಡಿ ಬರುತ್ತೆ, 2024ರ ಜುಲೈ 1ರಿಂದ. ಅದರ ನಮೂನೆಯಲ್ಲಿ ಎರಡು ಭಾಗ, ಎರಡನೆಯದು ತಜ್ಞರು ತುಂಬೋದು.

ಹಳೇಕಡತ · 11:30

ಹೆದರಿಸ್ಬೇಡಿ. ಗ್ರಾಹಕ ಆಯೋಗದಲ್ಲಿ ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟು ಅಷ್ಟಿಲ್ಲ, ಇದು ಸಂಕ್ಷಿಪ್ತ ವಿಚಾರಣೆ. ಸರ್ಟಿಫಿಕೇಟ್ ಹಾಕಿದ್ರೆ ಒಳ್ಳೇದು. ತಜ್ಞರು ಸಿಗಲಿಲ್ಲ ಅಂತ ದೂರೇ ಕೊಡದೆ ಕೂರೋದು ಮೂರ್ಖತನ. ಫೋನ್ ಮಾತ್ರ ಫಾರ್ಮ್ಯಾಟ್ ಮಾಡ್ಬೇಡಿ.

ಕಪ್ಪುಮಣ್ಣು · 11:45

ಪ್ಯಾಟಿ ಮಂದಿ ಮಷಿನ್, ಮೊಬೈಲ್ ಅಂತ ಬಡಕೊಳ್ಳಾಕತ್ತೀರಿ. ಬೀಜದ ಸುದ್ದಿ ಯಾರೂ ಎತ್ತಲಿಲ್ಲ. ರೈತನೂ ಗ್ರಾಹಕನ. ಬೀಜ ಕಂಪನಿಗಳು ಮೊದಲೆಲ್ಲ ಒಂದ ರಾಗ ಹಾಡ್ತಿದ್ವು: ಬೀಜದ ಮಾದರಿ ಪ್ರಯೋಗಾಲಯಕ್ಕ ಕಳಿಸಿಲ್ಲ, ದೂರು ನಿಲ್ಲೂದಿಲ್ಲ. 2012ರಾಗ ರಾಷ್ಟ್ರೀಯ ಬೀಜ ನಿಗಮದ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳ್ತು, ರೈತ ತಂದ ಬೀಜ ಎಲ್ಲಾ ಬಿತ್ತತಾನ, ಪರೀಕ್ಷೆಗಂತ ಎತ್ತಿಡತಾನ ಅಂತ ಬಯಸೂದು ತಪ್ಪು ಅಂತ.

ಆದ್ರೂ ನನ್ನ ಮಾತು, ಎತ್ತಿಡ್ರಿ. ಚೀಲದ ಬಾಯಿ ಹೊಲಿಗಿ ಬಿಚ್ಚೂ ಮುಂದ ಚೀಟಿ ಹರಿಯಬ್ಯಾಡ್ರಿ. ಪ್ರಮಾಣಿತ ಬೀಜಕ್ಕ ನೀಲಿ ಚೀಟಿ, ಕಂಪನಿ ತಾನ ಖಾತ್ರಿ ಕೊಟ್ಟಿದ್ದಕ್ಕ ಹಸಿರು. ಲಾಟ್ ನಂಬರ್ ಬಿಲ್ಲಿನ್ಯಾಗೂ ಬರಸ್ರಿ, ಚೀಟಿಗೂ ಬಿಲ್ಲಿಗೂ ತಾಳ ಆಗಬೇಕು. ಒಂದು ಬೊಗಸಿ ಬೀಜ ಚೀಲದ ಜೊತಿ ಕಟ್ಟಿ ಇಡ್ರಿ. ಬಿತ್ತೂ ಮೊದಲ ನೂರು ಕಾಳು ಎಣಿಸಿ ಹಸಿ ಗೋಣಿ ತಟ್ಟಿನ್ಯಾಗ ಸುತ್ತಿ ಮೊಳಕಿ ನೋಡ್ರಿ. ಸೋಯಾ ನೂರಕ್ಕ 70, ತೊಗರಿ 75, ಮೆಣಸಿನಕಾಯಿ 60 ಬರಬೇಕು, ಇದು ಕಮ್ಮಿ ಅಂದ್ರ ಇರಬೇಕಾದ ಪ್ರಮಾಣ.

ಹುಟ್ಟಲಿಲ್ಲ ಅಂದ್ರ ಹೊಲ ಹರಗಬ್ಯಾಡ್ರಿ! ಸಿಟ್ಟಿಗೆ ಹರಗಿ ಮತ್ತ ಬಿತ್ತಿದ್ರ ಸಾಕ್ಷಿನ ಮಣ್ಣಪಾಲು. ಮೊದಲು ರೈತ ಸಂಪರ್ಕ ಕೇಂದ್ರಕ್ಕ ಬರದು ಕೊಟ್ಟು ಸ್ವೀಕೃತಿ ತಗೋರಿ. ಕೃಷಿ ಅಧಿಕಾರಿ ಹೊಲಕ್ಕ ಬಂದು ಪಂಚನಾಮಿ ಮಾಡಬೇಕು, ವಿಶ್ವವಿದ್ಯಾಲಯದ ವಿಜ್ಞಾನಿ ಬಂದ್ರ ಇನ್ನೂ ಛಲೋ. ಪಂಚನಾಮ್ಯಾಗ ಬಿತ್ತಿದ ಆಳ, ಹಸಿ, ಮಳಿ, ಬಾಜೂ ಹೊಲದಾಗ ಬ್ಯಾರೆ ಬೀಜ ಹ್ಯಾಂಗ ಹುಟ್ಯಾವ ಅನ್ನೂದು ಬರಸ್ರಿ. ಯಾಕಂದ್ರ ಕಂಪನಿ ವಕೀಲ ಹೇಳೂದ ಅದು: ಆಳ ಬಿತ್ತ್ಯಾನ, ಹಸಿ ಇರಲಿಲ್ಲ. ಸೋಯಾ ಬೀಜದ ಸಿಪ್ಪಿ ಬಾಳ ನಾಜೂಕು, ಚೀಲ ಎತ್ತಿ ಒಗದ್ರೂ ಮೊಳಕಿ ಹೊಕ್ಕೈತಿ. ಒಗದವ ಅಂಗಡಿಯವನೋ ರೈತನೋ ಅನ್ನೂದಕ್ಕ ಜಗಳ.

ಸಿರಿಗನ್ನಡ್ತಿ · 11:52

ಇದನ್ನ ಬೇರೆ ಚೀಟಿ ಮಾಡಿ ದಯವಿಟ್ಟು.

ಪೇಡಾಪ್ರಿಯ · 11:55

@ಕಪ್ಪುಮಣ್ಣು ಲಾಟ್ ನಂಬರ್ ಬಿಲ್ಲಿನ್ಯಾಗ ಬರಿ ಅಂದ್ರ ಅಂಗಡಿಯವ ಉದ್ರಿ ಕೊಡೂದಿಲ್ಲ ಅಂತಾನಲ್ಲ?

ಕಪ್ಪುಮಣ್ಣು · 11:58

ಉದ್ರಿ ಅಂಗಡಿ ಬಿಲ್ ಕೊಡೂದ ಇಲ್ಲ ತಮ್ಮಾ. ರೊಕ್ಕಾ ಕೊಟ್ಟು ಬಿಲ್ ತಗೋ, ಇಲ್ಲಾ ಕೇಂದ್ರದಾಗ ತಗೋ. ಮೂರನೇ ದಾರಿ ಇಲ್ಲ. ಬಿಲ್ ಕೊಡದ ಇರೂದ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ, ಅದೂ ಖರೆ.

ರಸೀದಿಪುಟ್ಟ · 12:10

‘ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ’ ಅಂತ ಬಿಲ್ಲಲ್ಲೇ ಅಚ್ಚು ಹಾಕಿರ್ತಾರಲ್ಲ, ಅದಕ್ಕೇನು ಬೆಲೆ?

ಲೆಕ್ಕಿಗ · 12:16

ದೋಷ ಇರೋ ಮಾಲಿನ ವಿಷಯದಲ್ಲಿ ಬೆಲೆ ಇಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷದ ವಸ್ತು ವಾಪಸ್ ತಗೊಳ್ಳದಿರೋದೇ ಅನುಚಿತ ವ್ಯಾಪಾರ.

ಕಡಲತಡಿ · 12:19

ಹಾಗಂತ ಸೀರೆ ಬಣ್ಣ ಮನೆಗೆ ಹೋದ ಮೇಲೆ ಹಿಡಿಸಲಿಲ್ಲ ಅಂತ ತಂದರೆ ಅಂಗಡಿಯವ ತಗೊಳ್ಳಬೇಕಾಗಿಲ್ಲ. ಅದು ದೋಷ ಅಲ್ಲ. ಈ ವ್ಯತ್ಯಾಸ ಚೀಟಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ನಾಳೆ ಜಗಳ ನಿಮ್ಮ ವಾಚನಾಲಯದ ಮುಂದೆ.

ಅನುಮಾನಪ್ಪ · 12:25

ಎಲ್ಲ ಸರಿ, ಗೆದ್ದ ಮೇಲೆ ದುಡ್ಡು ಯಾರು ಕೊಡಿಸ್ತಾರೆ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಕಂಪನಿ ಅಪೀಲು ಹಾಕಿ ಹತ್ತು ವರ್ಷ ಎಳೆಯುತ್ತೆ.

ಹಳೇಕಡತ · 12:41

ಇದು ನ್ಯಾಯವಾದ ಪ್ರಶ್ನೆ. ಅಪೀಲು ಹಾಕೋಕೆ 45 ದಿನ, ಮತ್ತು ಆದೇಶದ ಮೊತ್ತದ ಅರ್ಧ ಮೊದಲು ಠೇವಣಿ ಇಡಬೇಕು. ಹಳೇ ಕಾಯ್ದೆಯಲ್ಲಿ ಅರ್ಧ ಅಥವಾ 25 ಸಾವಿರ, ಯಾವುದು ಕಮ್ಮಿಯೋ ಅದು ಅಂತಿತ್ತು. ದೊಡ್ಡ ಕಂಪನಿಗೆ ಅದು ಚಹಾ ಖರ್ಚು. ಈಗ ಹಾಗಿಲ್ಲ. ರಾಜ್ಯ ಆಯೋಗದ ಮೇಲೆ ಎರಡನೇ ಅಪೀಲು ಬೇಕಂದರೆ ಕಾನೂನಿನ ಗಂಭೀರ ಪ್ರಶ್ನೆ ಇರಬೇಕು. ‘ಹತ್ತು ವರ್ಷ’ ಸ್ವಲ್ಪ ಉತ್ಪ್ರೇಕ್ಷೆ.

ಅಪೀಲೂ ಇಲ್ಲ, ಹಣವೂ ಇಲ್ಲ ಅಂದರೆ ಅಮಲ್ಜಾರಿ ಅರ್ಜಿ. ಎರಡು ದಾರಿ, ಎರಡನ್ನೂ ಗೊಂದಲ ಮಾಡ್ಕೋಬೇಡಿ. 71ನೇ ಕಲಂ ಸಿವಿಲ್ ಕೋರ್ಟಿನ ಡಿಕ್ರಿ ಥರ, ಬ್ಯಾಂಕ್ ಖಾತೆ, ಸ್ವತ್ತು ಜಪ್ತಿ ಮಾಡಿಸೋದು. 72ನೇ ಕಲಂ ಶಿಕ್ಷೆ: ಒಂದು ತಿಂಗಳಿಂದ ಮೂರು ವರ್ಷ ಸೆರೆ, ಅಥವಾ 25,000ದಿಂದ ಒಂದು ಲಕ್ಷ ದಂಡ, ಅಥವಾ ಎರಡೂ. ವಾರಂಟ್ ಹೋದ ದಿನ ಡಿಡಿ ಬರೋದು ಜಾಸ್ತಿ. ಆದರೆ ವಾರಂಟ್ ಯಾರ ಹೆಸರಿಗೆ? ಅಂಗಡಿ ಮುಚ್ಚಿ ಬೋರ್ಡ್ ಕಿತ್ತಿದ್ದರೆ ಯಾವ ಕಲಂ ಏನು ಮಾಡುತ್ತೆ? ಮಾಲೀಕರ, ನಿರ್ದೇಶಕರ ಹೆಸರು, ವಿಳಾಸ ದೂರು ಕೊಡುವಾಗಲೇ ಹುಡುಕಿಡಿ ಅನ್ನೋದು ಅದಕ್ಕೆ. ಜಿಎಸ್‌ಟಿ ನಂಬರ್ ಬಿಲ್ಲಲ್ಲಿರುತ್ತೆ, ಅದನ್ನು ಜಿಎಸ್‌ಟಿ ಪೋರ್ಟಲ್ಲಿಗೆ ಹಾಕಿದ್ರೆ ಕಾನೂನುಬದ್ಧ ಹೆಸರು ಸಿಗುತ್ತೆ. ಬೋರ್ಡಿನ ಹೆಸರೇ ಬೇರೆ, ಸಂಸ್ಥೆಯ ಹೆಸರೇ ಬೇರೆ ಇರೋದು ಸಾಮಾನ್ಯ.

ಅನುಮಾನಪ್ಪ · 12:44

ಆ ಜಿಎಸ್‌ಟಿ ಉಪಾಯ ಚೆನ್ನಾಗಿದೆ. ಅಷ್ಟು ಒಪ್ಪಿದೆ.

ಮರಳುಗಾಡು · 12:50

ಮಸ್ಕತ್‌ನಿಂದ ಕೇಳ್ತಿರೋದು. ಊರಲ್ಲಿ ಕೊಂಡ ಸೈಟು, ಫ್ಲಾಟಿನ ತಕರಾರಿಗೆ ಇಲ್ಲಿಂದಲೇ ದೂರು ಹಾಕಬಹುದಾ?

ಕೌಂಟರ್‌ಕಿಟಕಿ · 12:57

ಇ-ಜಾಗೃತಿಯಲ್ಲಿ ಅನಿವಾಸಿಗಳಿಗೂ ನೋಂದಣಿ ಇದೆ. ಫ್ಲಾಟ್ ಆದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಕೂಡ ಒಂದು ಬಾಗಿಲು. ಎರಡರಲ್ಲಿ ಒಂದನ್ನು ಆರಿಸ್ಕೊಳ್ಳಿ, ಒಂದೇ ಪರಿಹಾರಕ್ಕೆ ಎರಡೂ ಕಡೆ ಹೋಗೋ ಹಾಗಿಲ್ಲ. ಖಾಲಿ ಸೈಟು, ಬರೀ ಜಮೀನು ಮಾರಾಟ ಅಂದ್ರೆ ‘ಸೇವೆ’ ಎಲ್ಲಿದೆ ಅನ್ನೋ ಪ್ರಶ್ನೆ ಬರುತ್ತೆ. ಬಡಾವಣೆ ಮಾಡಿ ರಸ್ತೆ, ಚರಂಡಿ ಕೊಡ್ತೀವಿ ಅಂತ ಮಾತು ಕೊಟ್ಟಿದ್ದರೆ ಅದು ಸೇವೆ.

ಲೆಕ್ಕಿಗ · 13:05

ಬಾಗಿಲಿನ ಮಾತು ಬಂದಿದ್ದಕ್ಕೆ: ಬ್ಯಾಂಕಿನ ತಕರಾರು ಮೊದಲು ಬ್ಯಾಂಕಿಗೆ, 30 ದಿನ ಉತ್ತರ ಇಲ್ಲ ಅಂದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಶುಲ್ಕ ಇಲ್ಲ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತ ಆದರೆ ಐದು ದಿನದೊಳಗೆ ವಾಪಸ್ ಬರಬೇಕು, ತಪ್ಪಿದರೆ ದಿನಕ್ಕೆ 100 ರೂ., ಕೇಳದಿದ್ದರೂ ಕೊಡಬೇಕು. 2019ರ ಸುತ್ತೋಲೆ. ವಿದ್ಯುತ್ ಬಿಲ್ಲಿನ ತಕರಾರು 1912, ಆಮೇಲೆ ಎಸ್ಕಾಂನ ಗ್ರಾಹಕರ ಕುಂದುಕೊರತೆ ವೇದಿಕೆ. ಹಾದಿ ತಪ್ಪಿದ್ರೆ ಆರು ತಿಂಗಳು ದಂಡ.

ಪೇಡಾಪ್ರಿಯ · 13:09

ಡಾಕ್ಟರ್ ಮ್ಯಾಲೆ 1995ರ ತೀರ್ಪಿನಿಂದ ಕೇಸ್ ಹಾಕಬಹುದು. ವಕೀಲರ ಮ್ಯಾಲೆ ಬರೂದಿಲ್ಲ, 2024ರ ಮೇ ತಿಂಗಳಾಗ ಸುಪ್ರೀಂ ಕೋರ್ಟ್ ಅವರನ್ನ ಹೊರಗಿಟ್ಟತು. ತೀರ್ಪು ಬರದವರು ಯಾರ ಮಂದಿ ಅಂತ ಕೇಳಬ್ಯಾಡ್ರಿ 😄

ತಕ್ಕಡಿ · 13:22

ಆಯೋಗ, ತೀರ್ಪು ಅಂತ ಹೊರಟು ದಿನಾ ಕಳಕೊಳ್ಳೋ ಚಿಲ್ಲರೆ ಮರೀತೀರಿ. ತೂಕ, ಅಳತೆ, ಎಂಆರ್‌ಪಿ ನೋಡೋದು ಕಾನೂನು ಮಾಪನಶಾಸ್ತ್ರ ಇಲಾಖೆ. ವಕೀಲ ಬೇಡ, ಪ್ರಮಾಣಪತ್ರ ಬೇಡ. ಪ್ಯಾಕೆಟ್ಟಿನ ಫೋಟೋ, ಬಿಲ್, ಅಂಗಡಿ ವಿಳಾಸ ಸಾಕು.

ಹಾಲಿನ ಪ್ಯಾಕೆಟ್ಟಿಗೆ ‘ಕೂಲಿಂಗ್ ಚಾರ್ಜ್’ ಅಂತ ಒಂದೆರಡು ರೂಪಾಯಿ ಇಸ್ಕೊಳ್ತಾರಲ್ಲ, ಅಂಥದ್ದೊಂದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ.

ಸಿಲಿಂಡರ್: ಮನೆ ಬಳಕೆಯದರಲ್ಲಿ ಗ್ಯಾಸ್ 14.2 ಕಿಲೋ. ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತೆ, ಒಂದೊಂದಕ್ಕೂ ಬೇರೆ. 15.9 ಅಂತಿದ್ದರೆ ಒಟ್ಟು 30.1 ಬರಬೇಕು, 150 ಗ್ರಾಂ ಆಚೀಚೆಗೆ ಮಾಫಿ. ತಂದುಕೊಡೋರು ತೂಕದ ಯಂತ್ರ ಇಟ್ಕೊಂಡಿರಬೇಕು, ಕೇಳಿ ತೂಗಿಸಿ. ಪೆಟ್ರೋಲ್ ಬಂಕ್‌ನಲ್ಲಿ 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಇರುತ್ತೆ, ಅದರಲ್ಲಿ 25 ಮಿ.ಲೀ.ಗಿಂತ ಕಮ್ಮಿ ಬಂದರೆ ದೂರು. ಮಿಠಾಯಿ ಅಂಗಡೀಲಿ ಡಬ್ಬ ಸೇರಿಸಿ ತೂಗಿದ್ರೆ ಡಬ್ಬವನ್ನ ಬರ್ಫಿ ದರಕ್ಕೆ ಕೊಂಡ ಹಾಗೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ, ಕಬ್ಬಿಣದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ.

ಸಿರಿಗನ್ನಡ್ತಿ · 13:28

ಹೋಟೆಲಲ್ಲಿ ನೀರಿನ ಬಾಟಲಿಗೆ ಎಂಆರ್‌ಪಿ ಮೇಲೆ ತಗೊಂಡ್ರೆ ಇಲಾಖೆಗೆ ಹೇಳಬಹುದು ಅಲ್ವಾ?

ತಕ್ಕಡಿ · 13:33

ಅಲ್ಲಿ ಗೆಲ್ಲಲ್ಲ. ಕೂತು ತಿನ್ನೋ ಹೋಟೆಲಿನಲ್ಲಿ ಕೊಡೋದು ಬರೀ ಮಾರಾಟ ಅಲ್ಲ, ಸೇವೆಯೂ ಸೇರಿದೆ ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿದೆ. ಅಂಗಡಿ, ಬೇಕರಿ ಕೌಂಟರ್ ಆದ್ರೆ ಗೆಲ್ತೀರಿ.

ಕಡಲತಡಿ · 13:37

ಮತ್ತೆ ಅದೇ ಹೋಟೆಲಿನವರು ಸರ್ವಿಸ್ ಚಾರ್ಜ್ ಬೇರೆ ಹಾಕ್ತಾರೆ. ಸೇವೆ ಬಾಟಲಿ ಬೆಲೆಯಲ್ಲೂ ಉಂಟು, ಬಿಲ್ಲಿನ ಕೆಳಗೂ ಉಂಟು! ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ಕ್ಕೆ ಅದನ್ನು ತಾನಾಗಿ ಸೇರಿಸಬಾರದು ಅಂದಿತು, ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್ 28ಕ್ಕೆ ಎತ್ತಿಹಿಡಿಯಿತು. ಬಿಲ್ ಬಂದ ಕೂಡಲೇ ‘ಇದನ್ನು ತೆಗೆಯಿರಿ’ ಅನ್ನಿ, ಕಾರ್ಡ್ ಉಜ್ಜಿದ ಮೇಲೆ ಅಲ್ಲ.

ಹಳೇಕಡತ · 13:45

ಆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ಆಯೋಗಕ್ಕೂ ವ್ಯತ್ಯಾಸ ಚೀಟಿಯಲ್ಲಿರಲಿ. ಪ್ರಾಧಿಕಾರ ಒಬ್ಬರ ಹಣ ಕೊಡಿಸೋಕಲ್ಲ, ಒಟ್ಟು ಗ್ರಾಹಕರಿಗೆ ಆಗೋ ಮೋಸ ನಿಲ್ಲಿಸೋಕೆ. ಸುಳ್ಳು ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಇಂಥ ದೂರನ್ನು ಜಿಲ್ಲಾಧಿಕಾರಿಗೂ ಕೊಡಬಹುದು ಅಂತ ಕಾಯ್ದೆಯ 17ನೇ ಕಲಂನಲ್ಲಿದೆ. ಕಚೇರಿಯಲ್ಲಿ ‘ಇಲ್ಲಿ ತಗೊಳ್ಳಲ್ಲ’ ಅಂದ್ರೆ ಕಲಂ ಸಂಖ್ಯೆ ಅರ್ಜಿ ಮೇಲೇ ಬರೆದು ಟಪಾಲಿಗೆ ಹಾಕಿ, ಸೀಲ್ ಹಾಕಿಸ್ಕೊಳ್ಳಿ.

ಲೆಕ್ಕಿಗ · 13:52

ಚಿನ್ನ ಬಿಟ್ಟುಹೋಯ್ತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಗುರುತು ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆಪ್‌ಗೆ ಆ ಸಂಖ್ಯೆ ಹಾಕಿದ್ರೆ ಯಾವ ವಸ್ತು, ಎಷ್ಟು ಶುದ್ಧತೆ ಅಂತ ಬರುತ್ತೆ. ಕೈಯಲ್ಲಿ ಉಂಗುರ ಇದ್ದು ಆಪ್ ‘ಬಳೆ’ ಅಂದ್ರೆ ಅಲ್ಲೇ ಇಟ್ಟು ಬನ್ನಿ. ಶುದ್ಧತೆ ಕಮ್ಮಿ ಅಂತ ಪರೀಕ್ಷೆಯಲ್ಲಿ ಸಾಬೀತಾದ್ರೆ ವ್ಯತ್ಯಾಸದ ಎರಡರಷ್ಟು ಮತ್ತು ಪರೀಕ್ಷಾ ಶುಲ್ಕ ಕೊಡಬೇಕು.

ರಸೀದಿಪುಟ್ಟ · 14:10

ಒಂದು ಪುಟದ ಚೀಟಿ ಈಗ ನಾಲ್ಕು ಪುಟ ಆಗಿದೆ. ಜಾಬ್ ಶೀಟ್ ಮೇಲೆ, ಎರಡು ವರ್ಷದ ಗಡುವು ಕೆಂಪಕ್ಷರದಲ್ಲಿ, ಬೀಜದ್ದು ಬೇರೆ ಹಾಳೆ. ಮಾದರಿಗೆ ಅಂತ ಒಂದು ನಿಜವಾದ ಅಂಗಡಿ ಬಿಲ್ ಅಂಟಿಸಿ, ಮಳೆ ತಾಗದ ಹಾಗೆ ಒಟ್ಟಿಗೇ ಲ್ಯಾಮಿನೇಷನ್ ಮಾಡಿಸ್ತೀನಿ.

ತಕ್ಕಡಿ · 14:13

ಬೇಡ! ಲ್ಯಾಮಿನೇಷನ್ ಶಾಖಕ್ಕೆ ಆ ಬಿಲ್ ಪೂರ್ತಿ ಕಪ್ಪಾಗುತ್ತೆ. ಜೆರಾಕ್ಸ್ ಅಂಟಿಸಿ.